ವಸಾಹತ್‌ನಲ್ಲಿ ಒಂದು ಖಾಲಿ ಮನೆ

ಪಾಸ್‌ಪೋರ್ಟ್ ಇಲ್ಲದವಳು ವಿದೇಶ ಪ್ರವಾಸದ ಕಥೆ ಬರೆಯಬಹುದೇ? ಬರೆಯಬಹುದು ಎಂಬ ಪಕ್ಷವನ್ನು ನಾನು ಮಂಡಿಸುತ್ತಿದ್ದೇನೆ. ಧಾರವಾಡದಿಂದ ನಾಸಿಕ್‌ಗೆ, ಅಲ್ಲಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋದವರು ನಾವಿಬ್ಬರು. ನನ್ನ ಪಾಲಿಗೆ ಅದು ಪಕ್ಕದ ರಾಜ್ಯ, ನೀಮಾಳ ಪಾಲಿಗೆ ವಿದೇಶ. ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತ ಇಬ್ಬರು ಎರಡು ಬೇರೆ ಊರುಗಳಲ್ಲಿ ಇಳಿಯಬಹುದು ಎಂಬುದನ್ನು ನಾನು ತರ್ಕದಿಂದ ಒಪ್ಪುತ್ತಿರಲಿಲ್ಲ. ನೋಡಿದ ಮೇಲೆ ಒಪ್ಪಿದ್ದೇನೆ.

ನೀಮಾ ತಾಂಜಾನಿಯಾದವಳು, ಸಮುದ್ರದಂಡೆಯ ದಾರ್ ಎಸ್ ಸಲಾಮ್ ಊರಿನವಳು. ಧಾರವಾಡದಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದಳು. ನಾನು ಅಲ್ಲೇ ಕಾನೂನು ಓದುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ನಾವಿಬ್ಬರೂ ಒಂದೇ ತಂಡ. ನಾನು ಮೊದಲು ಎದ್ದು ಜಗಳ ತೆಗೆಯುವವಳು, ಅವಳು ಕೊನೆಗೆ ಎದ್ದು ಅದನ್ನು ಗೆಲ್ಲುವವಳು. ಅವಳು ಕನ್ನಡ ಕಲಿತದ್ದು ಮೆಸ್ಸಿನ ಅಕ್ಕಂದಿರಿಂದ ಮತ್ತು ಆಟೋದವರಿಂದ. ಹಾಗಾಗಿ ಎಲ್ಲಕ್ಕೂ 'ರಿ' ಹಚ್ಚುತ್ತಾಳೆ. ದಾರಿಗೆ ಅಡ್ಡ ಮಲಗಿದ ನಾಯಿಗೂ "ಸರೀರಿ" ಎನ್ನುತ್ತಾಳೆ.

ಸಂಭಾಜಿನಗರದ ಒಂದು ವಿಶ್ವವಿದ್ಯಾಲಯದಲ್ಲಿ ಅವಳಿಗೆ ಪಿಎಚ್.ಡಿ. ಸೀಟು ಸಿಕ್ಕಿತ್ತು. ವಿಷಯ ಬಟ್ಟೆ. ಅವಳ ಅಜ್ಜಿ ಸೊಂಟಕ್ಕೆ ಸುತ್ತುತ್ತಿದ್ದ ಕಾಂಗಾ ಎಂಬ ಬಣ್ಣದ ಬಟ್ಟೆ ಹಡಗು ಹತ್ತಿ ಹೋದದ್ದು ನಮ್ಮ ಈ ಕಡೆಯ ಮಗ್ಗಗಳಿಂದ. ಆ ಊರಿನಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಮಾಲೇಗಾಂವ್‌ನ ಪವರ್‌ಲೂಮ್‌ಗಳ ಸದ್ದು ಕೇಳುತ್ತ ಪ್ರಬಂಧ ಬರೆಯಬೇಕೆಂಬುದು ಅವಳ ಆಸೆ. ಸೋಮವಾರ ಸೇರಬೇಕು, ಸೇರಲು ಊರಿನಲ್ಲೊಂದು ವಿಳಾಸ ಬೇಕು. ವಿದೇಶಿ ವಿದ್ಯಾರ್ಥಿನಿಯರ ಹಾಸ್ಟೆಲ್ ಇನ್ನೂ ಕಟ್ಟಲಾಗುತ್ತಿದೆಯಂತೆ. ಫೋನಿನಲ್ಲಿ ಮನೆ ತೋರಿಸುತ್ತೇವೆಂದ ಏಜೆಂಟರು ವಿಡಿಯೋ ಕರೆಯಲ್ಲಿ ಅವಳ ಮುಖ ಕಂಡೊಡನೆ ನೆಟ್‌ವರ್ಕ್ ಕಳೆದುಕೊಂಡರು. ಹೀಗಾಗಿ ನಾವೇ ಹೊರಟೆವು. ಅದೇ ಶನಿವಾರ, ಭಾನುವಾರ ಅಲ್ಲೊಂದು ವಿಚಾರ ಸಂಕಿರಣವೂ ಇತ್ತು. ನೀಮಾಳ ಗೈಡ್ ಸರ್ ನಮ್ಮಿಬ್ಬರನ್ನೂ ಕರೆದಿದ್ದರು. ವಿಷಯ, ಜನಾಂಗಭೇದ ಮತ್ತು ವಿಶ್ವವಿದ್ಯಾಲಯಗಳ ನಿರ್ವಸಾಹತೀಕರಣ. ಈ ಕೊನೆಯ ಶಬ್ದವನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ಒಂದು ವಾರ ಹಿಡಿದಿತ್ತು.

ನಾಸಿಕ್, ಅತ್ತೆಯ ಮನೆ

ನಾಸಿಕ್‌ನಲ್ಲಿ ಇಳಿದದ್ದು ನನ್ನ ಅತ್ತೆಯ ಮನೆಯಲ್ಲಿ. ಶಾಂತಾ ಅತ್ತೆ ನನ್ನ ಅಪ್ಪನ ಅಕ್ಕ, ಬೀದರಿನವಳು. ಮಾಮಾನ ನೌಕರಿಗಾಗಿ ಈ ಊರಿಗೆ ಬಂದು ಇಲ್ಲಿಯವಳೇ ಆಗಿದ್ದಾಳೆ. ಅಡುಗೆಮನೆಯಲ್ಲಿ ಬೀದರಿನ ಕನ್ನಡ, ಗೇಟಿನಾಚೆ ಮರಾಠಿ.

ನಮ್ಮನ್ನು ಕಂಡ ಸಂಭ್ರಮದಲ್ಲಿ ಹೊರಗೆ ಓಡಿ ಬಂದ ಅತ್ತೆ ಹೊಸ್ತಿಲಿಗೆ ಕಾಲ್ಬೆರಳು ಎಡವಿದಳು.

"ಪೋಲೆ!" ಎಂದಳು ನೀಮಾ, ತನ್ನದೇ ಬೆರಳು ನೊಂದಂತೆ.

ಅತ್ತೆ ನೋವು ಮರೆತು ನೆಟ್ಟಗೆ ನಿಂತಳು. "ಏನಂದ್ಲು ರೇಣು ಈಕಿ? ನನಗ ಪೋಲಿ ಅಂದ್ಲಾ? ಮನಿ ಬಾಗಲಿಗೆ ಬಂದು?"

ನಾನು ವಿವರಿಸಬೇಕಾಯಿತು. ಸ್ವಾಹಿಲಿಯಲ್ಲಿ ಯಾರಾದರೂ ಎಡವಿದರೆ, ಬಿದ್ದರೆ, ದಣಿದರೆ, ಕಂಡವರು 'ಪೋಲೆ' ಎನ್ನುತ್ತಾರೆ. ತಮ್ಮ ತಪ್ಪಿಲ್ಲದಿದ್ದರೂ ಎನ್ನುತ್ತಾರೆ. ನಿಮ್ಮ ನೋವು ನನಗೆ ಕಾಣಿಸಿತು ಎಂದಷ್ಟೇ ಅದರ ಅರ್ಥ.

"ತಪ್ಪು ತಮ್ಮದಲ್ಲಂದ್ರೂ ಅಂತಾರಾ?" ಅತ್ತೆ ನೀಮಾಳ ಕೆನ್ನೆ ಸವರಿದಳು. "ಛಲೋ ಅದ ಮಾತು. ನಮ್ಮನ್ಯಾಗ ಇವ್ರು ತಪ್ಪು ತಮ್ದೇ ಇದ್ರೂ ಒಂದು ಮಾತು ಆಡಾಂಗಿಲ್ಲ."

'ಇವರು' ಅಂದರೆ ಮಾಮಾ. ಟಿವಿಯ ಮುಂದೆ ಕೂತಿದ್ದವರು ಕೇಳಿಸಿಕೊಳ್ಳದಂತೆ ಕೇಳಿಸಿಕೊಂಡರು. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನೀಮಾ ರೊಟ್ಟಿ ಮುರಿಯುವ ಚಂದ ಕಂಡು ಅತ್ತೆಗೆ ಅವಳು ಧಾರವಾಡದ ಸೊಸೆಯಂತೆಯೇ ತೋರಿದಳು. ನಾವು ಹೊರಟ ಸಂಕಿರಣದ ವಿಷಯವೇನೆಂದು ಮಾಮಾ ಕೇಳಿದರು. ಒಂದು ವಾರದ ಅಭ್ಯಾಸದಿಂದ ನಾನು ಆ ಶಬ್ದವನ್ನು ತಡವರಿಸದೆ ಹೇಳಿದೆ. ಮಾಮಾ ತುತ್ತು ಬಿಟ್ಟು ನಕ್ಕರು.

"ನಿರ್ವಸಾಹತ್? ಅರೆ, ಮರಾಠ್ಯಾಗ ವಸಾಹತ್ ಅಂದ್ರ ಕಾಲೊನಿ. ಮನಿ ಕಾಲೊನಿ! ನಾ ದಿನಾ ಹತ್ತೋ ಬಸ್ಸಿನ ಮ್ಯಾಲೆ ಬರದಿರ್ತದ, ಔದ್ಯೋಗಿಕ್ ವಸಾಹತ್ ಅಂತ. ಅದಕ್ಕ 'ನಿರ್' ಹಚ್ಚಿದ್ರ ಏನಾತು? ಕಾಲೊನಿ ಖಾಲಿ ಮಾಡಸೋದು! ಮುನ್ಸಿಪಾಲ್ಟಿಯವ್ರು ಮಾಡ್ತಾರ ನೋಡು ಅದು, ಬುಲ್ಡೋಜರ್ ತಗೊಂಡು. ಅದನ್ನ ಯುನಿವರ್ಸಿಟ್ಯಾಗ ಕಲಸ್ತಾರಾ?"

ಎಲ್ಲರೂ ನಕ್ಕೆವು. ನೀಮಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮಾತು ಮನೆ ಹುಡುಕಾಟಕ್ಕೆ ಬಂತು. ಏಜೆಂಟರ ನೆಟ್‌ವರ್ಕ್‌ನ ಕಥೆ ಕೇಳಿ ಅತ್ತೆ ಸಿಡುಕಿದಳು. "ಹೊಸಾದೇನು ಇದು? ನಾವು ಇಲ್ಲಿ ಬಂದಾಗ ಮನಿ ಮಾಲಕೀಣಿ ನನ್ನ ಮಾತು ಕೇಳಿ, ಕಾನಡೀ ಆಹೇತ್ ಕಾ, ಕನ್ನಡದವ್ರೇನು ಅಂದ್ಲು. ಹೌದ್ರಿ ಅಂದೆ. ಖೋಲಿ ಆಗ್ಲೇ ಕೊಟ್ಟಾಗೇದ ಅಂತ ಬಾಗ್ಲಾ ಹಾಕಿದ್ಲು. ಮುಂದಿನ ಮನ್ಯಾಗ ನಾ ಬಾಯೇ ತೆಗೀಲಿಲ್ಲ. ಇವ್ರು ಮರಾಠ್ಯಾಗ ಹೇಳಿದ್ರು, ನಾವು ಸೋಲಾಪುರದವ್ರು ಅಂತ. ಆರು ತಿಂಗಳು ನಾ ಆ ಮನ್ಯಾಗ ಮೂಕಿ ಆಗಿ ಬಾಳೇ ಮಾಡೀನಿ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೈ ತೊಳೆಯಲು ಎದ್ದವಳು ನಲ್ಲಿಯ ಹತ್ತಿರವೇ ನಿಂತು ಅಂದಳು, "ಅಲ್ಲ, ಸಂಭಾಜಿನಗರದಾಗ ನಮ್ಮದೇ ಫ್ಲ್ಯಾಟ್ ಖಾಲಿ ಬಿದ್ದದಲ್ಲ! ಇವ್ರಿಗೆ ಅಲ್ಲಿ ಬದಲಿ ಆದಾಗ ತಗೊಂಡಿದ್ದು. ಮೊನ್ನೆ ಬಾಡಿಗಿ ಹುಡುಗ್ರು ಬಿಟ್ಟು ಹೋದ್ರು. ಈಕಿ ಅಲ್ಲಿ ಇರ್ಲಿ. ಎದುರುಮನಿ ಕಾಕು ಬಲ್ಲಿ ಕಿಲ್ಲಿ ಅದ."

ನೀಮಾ ಎದ್ದು ಅತ್ತೆಯನ್ನು ಅಪ್ಪಿಕೊಂಡಳು. ಮಾಮಾ ಟಿವಿಯ ಸದ್ದು ಒಂದಿಷ್ಟು ಹೆಚ್ಚಿಸಿದರು. ಸದ್ದಿಗೂ ಅರ್ಥವಿರುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಬಸ್ಸು, ಯೇವಲೆಯ ಆಚೆ

ಬಸ್ಸಿನ ಬೋರ್ಡಿನ ಮೇಲೆ ಊರಿನ ಹೊಸ ಹೆಸರು, ಕಂಡಕ್ಟರನ ಬಾಯಲ್ಲಿ ಹಳೆಯದು. ಮೂರು ಜನ ಕೂರುವ ಸೀಟಿನಲ್ಲಿ ಕಿಟಕಿಗೆ ನಾನು, ನಡುವೆ ನೀಮಾ, ಆಚೆ ತುದಿ ಖಾಲಿ. ಬಸ್ಸು ತುಂಬಿತು, ಜನ ಕಂಬಿ ಹಿಡಿದು ನಿಂತರು, ಒಬ್ಬಾಕೆ ಬ್ಯಾಗಿನ ಮೇಲೆ ಕುಕ್ಕರಿಸಿದಳು. ಆ ತುದಿ ಮಾತ್ರ ಖಾಲಿಯೇ ಉಳಿಯಿತು. ನಾನು ಎದ್ದು, "ಇಲ್ಲಿ ಜಾಗ ಇದೆ" ಎಂದು ಹಿಂದಿಯಲ್ಲಿ ಕೂಗಿದೆ. ಎಲ್ಲರೂ ಮುಗುಳ್ನಕ್ಕರು, ಯಾರೂ ಕೂರಲಿಲ್ಲ.

"ಬಿಡು, ಕಾಲು ಚಾಚಬಹುದು," ಎಂದಳು ನೀಮಾ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲೇ ನಡೆಯುವುದು, ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಬರುತ್ತಾಳೆ.

"ಧಾರವಾಡದಲ್ಲಿ ಹೀಗಿಲ್ಲ," ಎಂದೆ.

"ಧಾರವಾಡದಲ್ಲಿ ಎಷ್ಟು ಮನೆ ನೋಡಿದ ಮೇಲೆ ಆ ಕೋಣೆ ಸಿಕ್ಕಿತು ಅಂತ ನೀನು ಕೇಳಿದ್ದೀಯಾ?"

ಕೇಳಿರಲಿಲ್ಲ. ಕಿಟಕಿಯಾಚೆ ಈರುಳ್ಳಿಯ ಹೊಲಗಳನ್ನು ಗಮನವಿಟ್ಟು ನೋಡಿದೆ.

ಯೇವಲೆಯಲ್ಲಿ ಹತ್ತಿದ ಒಬ್ಬ ಮುದುಕಿ ಧೊಪ್ಪೆಂದು ಆ ಜಾಗದಲ್ಲಿ ಕೂತಳು. ನೀಮಾಳ ಸಣ್ಣ ಸಣ್ಣ ಜಡೆಗಳನ್ನು ಬಹಳ ಹೊತ್ತು ನೋಡಿ, ಮುಟ್ಟಲೇ ಎಂದು ಮರಾಠಿಯಲ್ಲಿ ಕೇಳಿದಳು. ನೀಮಾ ತಲೆ ಬಾಗಿಸಿದಳು. ಮುದುಕಿ ಒಂದು ಜಡೆ ಎಳೆದು ನೋಡಿ ತೃಪ್ತಿಪಟ್ಟು ಅವಳ ಹೆಗಲಿಗೇ ಒರಗಿ ನಿದ್ದೆ ಹೋದಳು.

"ಕೇಳಿ ಮುಟ್ಟಿದವರಲ್ಲಿ ಈ ದೇಶದಲ್ಲಿ ಇವಳು ಎರಡನೆಯವಳು," ಎಂದಳು ನೀಮಾ.

"ಮೊದಲನೆಯವಳು?"

"ನಮ್ಮ ಮೆಸ್ಸಿನ ಅಕ್ಕ. ನೀನಲ್ಲ."

ಆಮೇಲೆ ತನ್ನ ಊರಿನ ಸುದ್ದಿ ಹೇಳಿದಳು. ಅಲ್ಲಿ ನಮ್ಮ ದೇಶದವರ ಅಂಗಡಿಬೀದಿಯೊಂದಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಅವಳ ಅಜ್ಜಿ ಅಂಥ ಒಂದು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಹಿಂಬಾಗಿಲಿನಿಂದ ಹೋಗಿ ಹಿಂಬಾಗಿಲಿನಿಂದ ಬರುತ್ತಿದ್ದಳು. ತಲೆಮಾರುಗಳಿಂದ ಅಲ್ಲೇ ಇರುವ ಆ ಮನೆಯವರು ಆ ಬೀದಿಯಲ್ಲಿ ಕರಿಯರಿಗೆ ಬಾಡಿಗೆ ಕೊಟ್ಟದ್ದನ್ನು ನೀಮಾ ಕಂಡಿಲ್ಲ. "ನನಗೆ ಇದೆಲ್ಲ ಹೊಸದೆಂದು ನೀನು ತಿಳಿದಿದ್ದೀಯ, ಪಾಪ. ನಿಮ್ಮ ಹಿಂಬಾಗಿಲು ನನಗೆ ಮನೆಯಿಂದಲೇ ಪರಿಚಯ. ಮುಂಬಾಗಿಲು ಹೇಗಿರುತ್ತದೆ ನೋಡೋಣ ಎಂದು ಬಂದೆ."

ಸಂಭಾಜಿನಗರ, ವೇದಿಕೆ

ಮುಂಬಾಗಿಲು ಬಹಳ ಚೆನ್ನಾಗಿತ್ತು. ಹೂಗುಚ್ಛ, ಶಾಲು, ಕೊರಳಿಗೆ ಹೆಸರಿನ ಬಿಲ್ಲೆ. ಸಂಕಿರಣ ಮುಗಿಯುವತನಕ ಗೆಸ್ಟ್‌ಹೌಸಿನಲ್ಲಿ ಕೋಣೆಯೂ ಇತ್ತು. ಅತಿಥಿಯಾಗಿ ಬಂದರೆ ಇಲ್ಲಿ ಯಾರಿಗೂ ಏನೂ ಕಡಿಮೆಯಿಲ್ಲ. ತಕರಾರಿರುವುದು ಉಳಿದುಕೊಳ್ಳುವ ವಿಷಯದಲ್ಲಿ.

"ನಿಮ್ಮ ರಾಷ್ಟ್ರೀಯ ಉಡುಪಿನಲ್ಲಿ ಬನ್ನಿ" ಎಂದು ಸಂಘಟಕರು ಮೊದಲೇ ಹೇಳಿದ್ದರಿಂದ ನೀಮಾ ಅಜ್ಜಿಯ ಕಾಂಗಾ ಉಟ್ಟಿದ್ದಳು. ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರ ಪತ್ನಿ ಅದರ ಅಂಚು ಹಿಡಿದು, "ಎಷ್ಟು ಆಫ್ರಿಕನ್ ಆಗಿದೆ! ನಮ್ಮಲ್ಲಿ ಇಂಥದ್ದು ಸಿಗುವುದೇ ಇಲ್ಲ," ಎಂದರು. ನೀಮಾ ಅಂಚು ಮಗುಚಿ ಅದರ ಮೇಲಿದ್ದ ಸಣ್ಣ ಅಚ್ಚು ತೋರಿಸಿದಳು. ಭಾರತದಲ್ಲಿ ತಯಾರಾದದ್ದು ಎಂದಿತ್ತು. ಆಕೆ ಕನ್ನಡಕ ಹಾಕಿ ಓದಿ, ಕನ್ನಡಕ ತೆಗೆದು, ಬೇರೆ ಕಡೆ ನೋಡಿದರು.

ದೀಪ ಬೆಳಗಲು ನೀಮಾಳನ್ನು ಕರೆದರು. ಫೋಟೋ ತೆಗೆದರು. ಫೋಟೋಗ್ರಾಫರ್ ಇನ್ನಷ್ಟು ನಗಲು ಹೇಳಿ ಮತ್ತೆ ತೆಗೆದ. ಗೈಡ್ ಸರ್ ಚೆನ್ನಾಗಿ ಮಾತಾಡಿದರು. ಒಳ್ಳೆಯ ಮನುಷ್ಯ, ಓದಿದವರು, ಅವರ ತರ್ಕದಲ್ಲಿ ತೂತು ಹುಡುಕಿ ಸೋತೆ. ನಮ್ಮ ಪಠ್ಯಗಳು ಯಾರ ಕಣ್ಣಿನಿಂದ ಜಗತ್ತನ್ನು ನೋಡುತ್ತವೆ, ಬಿಳಿಯರಲ್ಲದ ನಾವೂ ಬಣ್ಣವನ್ನು ಯಾಕೆ ಅಳೆಯುತ್ತೇವೆ ಎಂದೆಲ್ಲ ಕೇಳಿದರು. ಕೊನೆಯಲ್ಲಿ ದನಿ ಏರಿಸಿ, "ಈ ಊರನ್ನು ಕಟ್ಟಿಸಿದವನು, ಈ ಊರಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತಂದವನು ಒಬ್ಬ ಆಫ್ರಿಕನ್! ಗುಲಾಮನಾಗಿ ಬಂದು ವಜೀರನಾದ ಹಬ್ಶಿ!" ಎಂದರು. ಸಭೆಯೆಲ್ಲ ನೀಮಾಳ ಕಡೆ ತಿರುಗಿ ಚಪ್ಪಾಳೆ ತಟ್ಟಿತು.

"ಊರು ನಾನೇ ಕಟ್ಟಿಸಿದಂತೆ ತಟ್ಟುತ್ತಿದ್ದಾರೆ," ಎಂದು ಕಿವಿಯಲ್ಲಿ ಉಸುರಿದಳು. "ಹಾಗಾದರೆ ಅದರಲ್ಲಿ ಒಂದು ಕೋಣೆ ಸಿಗುವುದು ಕಷ್ಟವಾಗಲಾರದು."

ವಸಾಹತ್

ಅಂದೇ ಸಂಜೆ ಬ್ಯಾಗು ಹೊತ್ತು ಅತ್ತೆಯ ಫ್ಲ್ಯಾಟಿಗೆ ಹೋದೆವು. ಗೇಟಿನ ಕಮಾನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಯಾವುದೋ ನೌಕರರ 'ವಸಾಹತ್' ಎಂದು ಬರೆದಿತ್ತು. ಅದನ್ನು ಓದಿ ಹೇಳಿದಾಗ ನೀಮಾ, "ಒಳಗೆ ಹೋಗಿ ವಸಾಹತುಶಾಹಿ ಮಾಡೋಣ ನಡಿ," ಎಂದಳು. ಅಂದು ನಾವು ಕೊನೆಯ ಬಾರಿ ನಕ್ಕದ್ದು ಅಲ್ಲಿ.

ಎದುರುಮನೆಯ ಕಾಕು ಬಾಗಿಲು ತೆರೆದರು. ನನ್ನನ್ನು ನೋಡಿ ನಕ್ಕರು. ನನ್ನ ಹಿಂದೆ ನೋಡಿದರು. ಸರಪಳಿ ಹಾಕಿಯೇ ಮಾತಾಡಿದರು. "ಬೀಗದ ಕಿಲ್ಲಿ ಇದೆಯಮ್ಮ, ನನಗೇನೂ ಇಲ್ಲ. ಸೆಕ್ರೆಟರಿ ಸಾಹೇಬರನ್ನು ಒಂದು ಮಾತು ಕೇಳಿ."

ಸೊಸೈಟಿಯ ಸೆಕ್ರೆಟರಿ ನಿವೃತ್ತ ಅಧಿಕಾರಿ. ಕೂರಿಸಿ, ನೀರು ಕೊಟ್ಟು, ಹಿಂದಿಯಲ್ಲಿ ಸಮಾಧಾನವಾಗಿ ಮಾತಾಡಿದರು.

"ನನಗೇನೂ ಪ್ರಾಬ್ಲೆಮ್ ಇಲ್ಲ ಬೇಟಾ. ಆದರೆ ಈ ಊರಲ್ಲಿ ನೀರು ಬರುವುದೇ ಅಪರೂಪ. ಫಾರಿನ್‌ನವರಿಗೆ ನೀರು ಜಾಸ್ತಿ ಬೇಕು."

"ಮೊದಲು ಇದೇ ಫ್ಲ್ಯಾಟಿನಲ್ಲಿ ನಾಲ್ಕು ಹುಡುಗರಿದ್ದರು. ಇವಳು ಒಬ್ಬಳೇ."

"ಅವರು ಕಂಪನಿಯ ಹುಡುಗರು. ಇವರ ಹತ್ತಿರ ಸ್ನೇಹಿತರು ಬರುತ್ತಾರೆ."

"ಆ ಹುಡುಗರ ಹತ್ತಿರ ಯಾರೂ ಬರುತ್ತಿರಲಿಲ್ಲವೇ?"

"ಅಡುಗೆಯ ವಾಸನೆ ಒಂದು ಇರುತ್ತದಲ್ಲ. ಏನೇನೋ ತಿನ್ನುತ್ತಾರೆ."

"ಮೊನ್ನೆ ಜೋಳದ ರೊಟ್ಟಿ ತಿಂದಳು. ನಿಮ್ಮ ಸೊಸೈಟಿಯ ನಿಯಮದಲ್ಲಿ ರೊಟ್ಟಿಗೆ ಆಕ್ಷೇಪ ಇದೆಯೇ?"

ಅವರು ಮೆಚ್ಚಿ ತಲೆದೂಗಿದರು. "ಎಷ್ಟು ಚೆನ್ನಾಗಿ ಮಾತಾಡುತ್ತೀಯ! ವಕೀಲಳಾಗು." ಆಮೇಲೆ ಲೋಟ ಎತ್ತಿಟ್ಟು ಅಂದರು, "ಕೊನೆಗೆ ಇದು ಮಾಲಕರ ಮಾತು. ನಿನ್ನ ಮಾಮಾನ ಜೊತೆ ಈಗಷ್ಟೇ ಫೋನಿನಲ್ಲಿ ಮಾತಾಡಿದೆ. ಅವರನ್ನೇ ಕೇಳು."

ಚರ್ಚೆಯಲ್ಲಿ ನನಗೆ ಕಲಿಸಿದ ಮೊದಲ ಪಾಠ, ಎದುರಾಳಿಯ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಎದುರಿಸು ಎಂಬುದು. ಎದುರಾಳಿಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಿಲ್ಲ. ಕಾಕು ಸೆಕ್ರೆಟರಿಯನ್ನು ತೋರಿಸಿದರು, ಸೆಕ್ರೆಟರಿ ಮಾಲಕರನ್ನು ತೋರಿಸಿದರು. ಎಲ್ಲರಿಗೂ 'ನನಗೇನೂ ಇಲ್ಲ'. ಬೇಡ ಎಂದವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಮೆಟ್ಟಿಲ ಮೇಲೆ ನಿಂತು ಅತ್ತೆಗೆ ಫೋನ್ ಹಚ್ಚಿದೆ. ಕೈಯಲ್ಲಿ ಸಾಮಾನಿದ್ದುದರಿಂದ ಸ್ಪೀಕರ್‌ಗೆ ಹಾಕಿದ್ದೆ. ಅದನ್ನು ತೆಗೆಯಬೇಕೆಂದು ಹೊಳೆಯಲೂ ಇಲ್ಲ.

"ನಂದೇನಿಲ್ಲ ರೇಣು," ಎಂದಳು ಅತ್ತೆ, ನಾನು ಬಾಯಿ ತೆಗೆಯುವ ಮೊದಲೇ. "ಸೊಸೈಟಿಯವ್ರು ಇವ್ರಿಗೆ ಫೋನ್ ಮಾಡಿದ್ರು. ನಾಳೆ ಫ್ಲ್ಯಾಟ್ ಮಾರಬೇಕಂದ್ರ ಅವ್ರ ಸಹಿ ಬೇಕು. ಇವ್ರು ಸಿಟ್ಟಾಗ್ಯಾರ. ನಾ ಏನು ಮಾಡ್ಲಿ?"

"ಸೊಸೈಟಿಯವರು ಮಾಲಕರನ್ನ ಕೇಳು ಅಂತಾರೆ, ನೀನು ಸೊಸೈಟಿ ಅಂತೀ. ಅತ್ತೆ, ಒಂದು ಮಾತು ಹೇಳು. ಕಾನಡೀ ಅಂತ ನಿನ್ನ ಮುಖದ ಮೇಲೆ ಬಾಗಿಲು ಹಾಕಿದ್ದು ನೀನೇ ಹೇಳಿದೆ. ಅದೇ ಬಾಗಿಲು ಅಲ್ಲೇನು ಇದು?"

ಇದು ನನ್ನ ಅತ್ಯಂತ ಗಟ್ಟಿಯಾದ ಅಂಶ. ಕೊನೆಗೆಂದು ಉಳಿಸಿಕೊಂಡಿದ್ದೆ. ಆ ಕಡೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಅತ್ತೆ ಬಹಳ ಮೆಲ್ಲಗೆ ಅಂದಳು.

"ನಾವು ಸೋಲಾಪುರದವ್ರು ಅಂತ ಹೇಳಿದ್ವಿ, ರೇಣು. ಆಕಿ ಏನಂತ ಹೇಳ್ತಾಳ?"

ಎದುರು ಪಕ್ಷದವರು ನಿಜವನ್ನೇ ಹೇಳಿಬಿಟ್ಟರೆ ಖಂಡಿಸುವುದು ಯಾವುದನ್ನು? ಪಕ್ಕದಲ್ಲಿ ನೀಮಾ ನಿಂತಿದ್ದಳು. ಅವಳಿಗೆ ಬರುವ ಕನ್ನಡ ಇಷ್ಟಕ್ಕೆ ಸಾಕಾಗುತ್ತಿತ್ತು. ಫೋನಿನತ್ತ ಬಾಗಿ, "ಪೋಲೆ, ಅತ್ತಿ," ಎಂದಳು.

ಅತ್ತೆ ಫೋನ್ ಇಟ್ಟಳು. ಅಳುತ್ತಿದ್ದಳು ಎಂದು ನನ್ನ ಊಹೆ. ಅತ್ತರೂ ಬೀಗ ತೆರೆಯಲಿಲ್ಲ ಎಂಬುದು ಊಹೆಯಲ್ಲ.

"ನಾಳೆ ಬೇರೆ ಕಡೆ ನೋಡೋಣ," ಎಂದೆ ಮೆಟ್ಟಿಲಿಳಿಯುತ್ತ. "ಪೊಲೀಸರಿಗೆ ಹೇಳೋಣ, ಗೈಡ್ ಸರ್‌ಗೆ ಹೇಳೋಣ. ಒಂದು ಮನೆಗಾಗಿ ಸೀಟು ಬಿಡುವುದು ತಪ್ಪು ತರ್ಕ."

"ಮನೆ ಸಿಗಬಹುದು," ಎಂದಳು ನೀಮಾ. "ಮುಂದಿನ ಬೀದಿಯಲ್ಲೋ ಅದರ ಮುಂದಿನ ಬೀದಿಯಲ್ಲೋ. ಆಮೇಲೆ ವರ್ಷಗಟ್ಟಲೆ ನಾನು ಯಾರದೋ 'ನನಗೇನೂ ಇಲ್ಲ' ಎಂಬುದರ ಮೇಲೆ ಬದುಕಬೇಕು. ನೀರು ಬಳಸುವಾಗ, ಅಡುಗೆ ಮಾಡುವಾಗ, ಗೆಳತಿಗೆ ಬಾಗಿಲು ತೆರೆಯುವಾಗ ಲೆಕ್ಕ ಹಾಕಬೇಕು. ಬಟ್ಟೆಯ ಬಗ್ಗೆ ಯಾವಾಗ ಯೋಚಿಸಲಿ?" ಗೇಟು ದಾಟಿದ ಮೇಲೆ ತಿರುಗಿ ಕನ್ನಡದಲ್ಲಿ ಹೇಳಿದಳು, "ನಂಗ ಬ್ಯಾಡ್ರಿ. ನಾನ ಹೇಳಾಕತ್ತೀನಿ. ನಂಗ ಬ್ಯಾಡ."

ಆ ಸಂಜೆ ತನ್ನ ಹೆಸರಿನಲ್ಲೇ ಬೇಡ ಎಂದವಳು ಅವಳೊಬ್ಬಳೇ.

ಸಮಾರೋಪ

ಮರುದಿನ ಬೆಳಗ್ಗೆ ಅವಳು ಗೈಡ್ ಸರ್‌ಗೆ ಸೀಟು ಬೇಡವೆಂದು ತಿಳಿಸಿದಳು. ಅವರಿಗೆ ನಿಜವಾಗಿಯೂ ಬೇಸರವಾಯಿತು. ಹಾಸ್ಟೆಲ್ ಮುಂದಿನ ವರ್ಷ ಆಗಬಹುದು, ತಮ್ಮ ಕೈಯಲ್ಲಿ ಏನೂ ಇಲ್ಲ, ಆಡಳಿತದವರು ಎಂದು ಏನೋ ಹೇಳಿದರು. ಅವರ ಮನೆಯ ಮೇಲ್ಮಹಡಿ ಖಾಲಿಯಿದೆ ಎಂಬುದು ಮೊದಲ ದಿನ ಊಟದ ಸಾಲಿನಲ್ಲಿ ಅವರೇ ಹೇಳಿದ ಮಾತು. ಅದನ್ನು ನಾನು ನೆನಪಿಸಬೇಕೆಂದಿದ್ದೆ. ನೀಮಾ ನನ್ನ ತೋಳು ಹಿಡಿದಳು.

ಸಮಾರೋಪದಲ್ಲಿ ವಿದ್ಯಾರ್ಥಿಗಳ ಪರವಾಗಿ ನಾನು ಮಾತಾಡಬೇಕಿತ್ತು. ಸಿದ್ಧಪಡಿಸಿದ ಭಾಷಣ ಬಿಟ್ಟೆ. "ಮರಾಠಿಯಲ್ಲಿ ವಸಾಹತ್ ಅಂದರೆ ಕಾಲೊನಿಯಂತೆ, ನನ್ನ ಮಾಮಾ ಹೇಳಿದರು. ಹಾಗಾದರೆ ನಿರ್ವಸಾಹತೀಕರಣ ಎಂದರೆ ಕಾಲೊನಿಯಲ್ಲಿ ಯಾರನ್ನೋ ಇರಗೊಡದಿರುವುದು. ಈ ಊರಿನಲ್ಲಿ ಅದು ಯಶಸ್ವಿಯಾಗಿ ನಡೆದಿದೆ. ನಿನ್ನೆ ದೀಪ ಬೆಳಗಿದವಳಿಗೆ ನಿನ್ನೆಯೇ ಮನೆ ಸಿಗಲಿಲ್ಲ. ಇಂದು ಅವಳು ವಾಪಸು ಹೋಗುತ್ತಿದ್ದಾಳೆ. ಈ ಸಭೆಯಲ್ಲಿ ಯಾರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಕೈ ಎತ್ತಿ," ಎಂದೆ.

ಕೈಗಳು ಎದ್ದವು. ಚಪ್ಪಾಳೆ ತಟ್ಟಲು. ದೊಡ್ಡ ಚಪ್ಪಾಳೆ, ಮೊದಲ ದಿನಕ್ಕಿಂತ ದೊಡ್ಡದು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆಯನ್ನೂ ಹಾಕಿದರು. ನೆನಪಿನ ಕಾಣಿಕೆ ಕೊಡುತ್ತ ಅಧ್ಯಕ್ಷರು, "ಎಷ್ಟು ಚೆನ್ನಾಗಿ ಮಾತಾಡಿದೆ!" ಎಂದರು. ವಂದನಾರ್ಪಣೆಯಲ್ಲಿ ಗೈಡ್ ಸರ್ ತಲೆ ತಗ್ಗಿಸಿ ಒಂದು ವಾಕ್ಯ ಸೇರಿಸಿದರು. "ನಾವು ಕರೆದಿದ್ದೆವು. ಸೀಟು ಅವರೇ ಬೇಡ ಎಂದರು."

ವಾಕ್ಯದಲ್ಲಿ ಸುಳ್ಳಿರಲಿಲ್ಲ.

ಬಸ್‌ಸ್ಟ್ಯಾಂಡ್

ಬಸ್ಸು ತಡವಾಗಿತ್ತು. ನೀಮಾ ಕಾಂಗಾವನ್ನು ಮಡಿಸಿ, ಅಚ್ಚಿನ ಅಂಚು ಒಳಗೆ ಬರುವಂತೆ ಬ್ಯಾಗಿನ ತಳಕ್ಕೆ ಹಾಕಿದಳು. ಮಾಲೇಗಾಂವ್‌ನ ಬೋರ್ಡಿದ್ದ ಒಂದು ಬಸ್ಸು ಬಂತು, ನಮ್ಮೆದುರೇ ನಿಂತಿತು, ತುಂಬಿಕೊಂಡು ಹೋಯಿತು. ಅವಳು ಅದನ್ನು ತಿರುವಿನವರೆಗೂ ನೋಡಿದಳು.

ಫೋನ್ ಹೊಡೆದುಕೊಂಡಿತು. ಅತ್ತೆ. ನಾನು ತೆಗೆದೆ.

"ರೇಣು, ಆಕಿ ಬಾಜೂಕ ಇದ್ದಾಳಾ?" ಎಂದಳು. "ಏನರೆ ಉಂಡಾಳೇನು ಕೇಳು. ಹಸಿದು ಹೋಗಬಾರ್ದು ಆಕಿ."

ನನ್ನ ನಾಲಿಗೆಯ ತುದಿಗೆ ಒಂದಲ್ಲ, ಹತ್ತು ಮಾತು ಬಂದವು. ಎಲ್ಲವೂ ಸರಿಯಾದವು, ಎಲ್ಲವೂ ಗೆಲ್ಲುವಂಥವು. ಅಷ್ಟರಲ್ಲಿ ನೀಮಾ ಫೋನ್ ಇಸಿದುಕೊಂಡಳು.

"ಊಟ ಆತ್ರಿ, ಅತ್ತಿ," ಎಂದಳು.

ಬೆಳಗಿನಿಂದ ಅವಳು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.